ಖಾತೆ ಬದಲು

ಹಂಪನಕಟ್ಟೆಯಿಂದ ಬಂದರಿನ ತನಕ, ಬಂದರಿನಿಂದ ಮಣ್ಣಗುಡ್ಡೆಗೆ,
ನನ್ನ ಪಿಗ್ಮಿ ಮಷೀನಿನಲ್ಲಿ ನೂರ ಹನ್ನೆರಡು ಖಾತೆ.
ದೆಹಲಿಯಲ್ಲಿ ಒಟ್ಟು ಎಷ್ಟೋ,
ಸಂಜೆಗೆ ತಿಳಿಯುತ್ತದಂತೆ.

ಬೆಳಿಗ್ಗೆ ಹತ್ತರಿಂದ ಎಲ್ಲ ಅಂಗಡಿಯ ಟೀವಿಯಲ್ಲೂ ಅದೇ:
ಕಾರು ಬಂತು, ಬಾಗಿಲು ತೆರೆಯಿತು,
ಇಳಿದವರು ಯಾರೋ. ನಮ್ಮವರಲ್ಲ.

ಭವಂತಿ ಬೀದಿಯ ದಾಮೋದರ ಆಚಾರ್ರು
ಓಲೆಯ ಕೊಂಡಿಗೆ ಬೆಸುಗೆ ಹಾಕುತ್ತ ಕೇಳಿದರು,
"ಖಾತೆ ಇಲ್ಲದ ಮಂತ್ರಿ ಅಂದ್ರೆ ಎಂತ ಜಲಜಾ?"
ಹನ್ನೊಂದು ವರ್ಷದಿಂದ ಪಿಗ್ಮಿಗೆ ಸೇರದೆ
ದಿನಾ ನನ್ನನ್ನು ನಿಲ್ಲಿಸಿ ಬರೀ ಮಾತಾಡುವ
ಎದುರಂಗಡಿಯ ಪೈಗಳನ್ನು ಕಣ್ಣಲ್ಲೇ ತೋರಿಸಿದೆ.
ಆಚಾರ್ರು ಊದುಗೊಳವೆ ಇಳಿಸಿ ನಕ್ಕರು.
ಐವತ್ತು ಕೊಟ್ಟರು.

ಫೆಲ್ಸಿಬಾಯಿಯ ಬೇಕರಿಯಲ್ಲಿ ಐದು ಕಿಲೋ ಕೇಕು,
ಪಕ್ಷದ ಹುಡುಗರ ಆರ್ಡರು.
ನಮ್ಮ ರಾಜ್ಯ ಸಚಿವರಿಗೆ ಈ ಸಲ ಬಡ್ತಿ ಖಂಡಿತ,
ಖಾತೆ ಯಾವುದು ಅಂತ ಮಾತ್ರ ಗೊತ್ತಿಲ್ಲ.
"ಜಾಗ ಬಿಟ್ಟಿದ್ದೇನೆ ಮಾರಾಯ್ತಿ.
ಬಂದರು ಆದ್ರೆ ಮೂರೇ ಅಕ್ಷರ.
ನವೀಕರಿಸಬಹುದಾದ ಇಂಧನ ಅಂತೇನಾದ್ರೂ ಕೊಟ್ರೋ,
ಕ್ರೀಮು ಎಲ್ಲಿಂದ ತರಲಿ?"

ದಕ್ಕೆಯಲ್ಲಿ ಬೋಟುಗಳೆಲ್ಲ ಮೈಗೆ ಮೈ ತಾಗಿಸಿ ನಿಂತಿದ್ದವು,
ಆಗಸ್ಟಿನ ತನಕ ಅವಕ್ಕೂ ಖಾತೆಯಿಲ್ಲ.
ಒಣಮೀನಿನ ಗಿರಿಜಾ ಸಾಲ್ಯಾನ್ ಟೀವಿ ನೋಡುವವಳಲ್ಲ.
"ಮೀನಿಗೆ ಒಬ್ಬ, ಡೀಸೆಲ್ಲಿಗೆ ಇನ್ನೊಬ್ಬ,
ಐಸಿಗೆ ಯಾರು, ಕೇಳಿ ಹೇಳು" ಅಂದಳು,
ಮೂವತ್ತು ರೂಪಾಯಿಯನ್ನು ಸೆರಗಿಗೆ ಒರೆಸಿ ಕೊಟ್ಟಳು.
ನೋಟಿಗೆ ಇವತ್ತೂ ಕಲ್ಲೂರದ ವಾಸನೆ.

ಒಂದೂವರೆಗೆ ಟೀವಿಯ ತಳದ ಕೆಂಪು ಪಟ್ಟಿಯಲ್ಲಿ
ರಾಜೀನಾಮೆ ಕೊಟ್ಟವರ ಹೆಸರು ಓಡಿತು.
ಏಳನೆಯದು.
ಎಂಟನೆಯದು ಬರುವಷ್ಟರಲ್ಲಿ ಮುಗಿಯಿತು.
ವಾಪಸು ಬರುವಾಗ ಫೆಲ್ಸಿಬಾಯಿ ಚೂರಿಯ ಬೆನ್ನಿನಿಂದ
"ಅಭಿನಂದನೆ" ಕೆರೆಯುತ್ತಿದ್ದಳು, ಮೆಲ್ಲಗೆ,
ಕೆಳಗಿನ ಪದರಕ್ಕೆ ಪೆಟ್ಟಾಗದ ಹಾಗೆ.

ನಾನು ಮೊದಲಿದ್ದ ಬ್ಯಾಂಕೂ ಹಾಗೆಯೇ ಹೋಯಿತು.
ಒಂದು ಬೆಳಿಗ್ಗೆ ಇನ್ನೊಂದರೊಳಗೆ ವಿಲೀನ.
ಬೋರ್ಡು ಇಳಿಸಿದ ಗೋಡೆಯ ಮೇಲೆ
ಅಕ್ಷರಗಳಷ್ಟೇ ಜಾಗ ಬೆಳ್ಳಗೆ
ಎರಡು ಮಳೆಗಾಲ ಉಳಿದಿತ್ತು.

ಕೊನೆಗೆ ಮಣ್ಣಗುಡ್ಡೆಯ ಯಮುನಕ್ಕ,
ಫಾಲ್ಸು, ಜಿಪ್ಪು, ಗುಂಡಿಗಳ ಸಣ್ಣ ಅಂಗಡಿ.
ಮಂತ್ರಿಗಳ ಅಕ್ಕ. ದಿನಕ್ಕೆ ನೂರು, ಒಂದು ದಿನ ತಪ್ಪಿದ್ದಿಲ್ಲ.
ಎರಡು ವರ್ಷದ ಹಿಂದೆ, ಪ್ರಮಾಣವಚನದ ಮರುದಿನ,
ಪಾಸ್‌ಬುಕ್ಕಿನ ನಾಮಿನಿಯ ಸಾಲು ತೋರಿಸಿ
"ತಮ್ಮನ ಹೆಸರಿನ ಎದುರು ಸನ್ಮಾನ್ಯ ಸೇರಿಸು" ಅಂದಿದ್ದರು.
ಜಾಗವಿರಲಿಲ್ಲ. ಗೆರೆಯ ಮೇಲೆ
ಇರುವೆ ಗಾತ್ರದಲ್ಲಿ ಬರೆದು ಕೊಟ್ಟಿದ್ದೆ.

ಇವತ್ತು ಅಂಗಡಿಯಲ್ಲಿ ಯಾರೂ ಇರಲಿಲ್ಲ.
ಹೋದ ಸಲ ಹೂಗುಚ್ಛ ಇಡಲು ಜಾಗವಿರದ ಮೇಜಿನ ಮೇಲೆ
ಫೋನು ಒಂದೇ, ಮಗುಚಿಟ್ಟದ್ದು.
ಯಮುನಕ್ಕ ಪಾಸ್‌ಬುಕ್ಕು ತೆರೆದು ಕೇಳಿದರು,
"ಇದನ್ನು ಹೊಡೆದು ಹಾಕಬೇಕಾ? ರೂಲ್ಸು ಉಂಟಾ?"
"ರೂಲ್ಸಿಲ್ಲ ಅಕ್ಕ. ಹೊಡೆದರೆ ಮಾತ್ರ
ಪಕ್ಕದಲ್ಲಿ ನಿಮ್ಮ ಪೂರ್ತಿ ಸಹಿ ಬೇಕು."
ಕನ್ನಡಕ ಹುಡುಕಿದರು. ಸಿಕ್ಕಿತು.
ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

ಆಮೇಲೆ, "ರಾತ್ರಿಯ ವಿಮಾನಕ್ಕೆ ಬರ್ತಾನಂತೆ.
ಮಂತ್ರಿಯಾದ ಮೇಲೆ ಒಂದು ಸಲವೂ ಕೂತು ಉಂಡವನಲ್ಲ,
ಕಾರಿನ ಇಂಜಿನು ಬಂದಾಗುತ್ತಲೇ ಇರಲಿಲ್ಲ.
ನಾಡದೋಣಿಯ ಬಂಗುಡೆ ಕಿಲೋಗೆ ಎಷ್ಟಾಗಿದೆ, ನೀನು ನೋಡಿದ್ದಿ ಅಲ್ವಾ?
ಇವತ್ತಿಗೆ ಐವತ್ತು ಬರಿ."

ಬರೆದೆ.

ಆರಕ್ಕೆ ಸೊಸೈಟಿಯಲ್ಲಿ ಲೆಕ್ಕ ಒಪ್ಪಿಸುವಾಗ
ಮ್ಯಾನೇಜರು ಪೆನ್ಸಿಲಿನ ತುದಿ ಒಂದು ಕಡೆ ಊರಿದರು:
"ಯಮುನಕ್ಕನದ್ದು ಅರ್ಧ ಯಾಕೆ?"
"ಸಂಪುಟ ಪುನಾರಚನೆ ಸಾರ್" ಅಂದೆ.
ಅವರು ಚೀಟಿ ಹರಿದುಕೊಂಡು
ಒಟ್ಟು ಸರಿಬಂತಾ ಅಂತ
ಇನ್ನೊಮ್ಮೆ ಕೂಡಿಸಿದರು.